ಹುಡುಕುವ ಪೆಟ್ಟಿಗೆಯಲ್ಲಿ ಭೀಮರಾಜ

ಲೇ ಭೀಮ,

ನೀನು ಹೋದ ಮೇಲೆ ನಿನ್ನ ಕಂಪ್ಯೂಟರಿನಲ್ಲಿ ನಾನು ಮಾಡಿದ ಮೊದಲ ಕೆಲಸ ನಿನ್ನದೇ ವೈಕುಂಠ ಸಮಾರಾಧನೆಯ ಕಾರ್ಡು. ಮಾಲೂರಿನವರ ಮದುವೆ, ನಾಮಕರಣ, ತಿಥಿ ಎಲ್ಲದಕ್ಕೂ ಅಕ್ಷರ ಜೋಡಿಸಿಕೊಟ್ಟವನು ಇದೊಂದನ್ನು ನನ್ನ ತಲೆಗೆ ಕಟ್ಟಿದೆ. ಹಳೆಯ ಕಾರ್ಡೊಂದರಲ್ಲಿ ಶ್ರೀನಿವಾಸಪ್ಪನವರ ಹೆಸರು ಅಳಿಸಿ ನಿನ್ನ ಹೆಸರು ಹಾಕಿದೆ. ನಿನ್ನ ಹೆಸರು ಚಿಕ್ಕದು, ಸಾಲು ಸೊರಗಿತು. ನೀನಾಗಿದ್ದರೆ ಹಿಗ್ಗಿಸಿ ಸರಿಮಾಡುತ್ತಿದ್ದೆ. ನನ್ನ ಕೈಲಾಗಲಿಲ್ಲ, ಹಾಗೇ ಬಿಟ್ಟೆ.

ಕಾರ್ಡೇನೋ ಮುಗಿಯಿತು, ಅಂಗಡಿ ಉಳಿಯಿತು. ಈಗ ಅದು ನಿನ್ನ ಹೆಂಡತಿ ಶ್ರೀವಾಣಿಯ ಪಾಲಿಗೆ. ಅವಳಿಗೆ ಟೈಪಿಂಗ್ ಬರುತ್ತದೆ, ಕನ್ನಡ ಚೆನ್ನಾಗಿದೆ. ಆದರೆ ನಿನ್ನ ಪರದೆಯನ್ನು ನಿನಗೊಬ್ಬನಿಗೇ ಒಗ್ಗುವ ಹಾಗೆ ಮಾಡಿಟ್ಟಿದ್ದೆಯಲ್ಲೋ. ಈ ಲಿನಕ್ಸ್ ಕಂಪ್ಯೂಟರಿನಲ್ಲಿ ಪ್ಯಾನೆಲ್ ಅನ್ನುವ ಪಟ್ಟಿಯನ್ನು ಪರದೆಯ ಬೇಕಾದ ಅಂಚಿಗೆ ಕೂರಿಸಬಹುದು, ಬೇಕಾದ್ದು ಸೇರಿಸಬಹುದು ಎಂದು ನನಗೆ ಪಾಠ ಹೇಳಿದವನು, ನಿನ್ನದರಲ್ಲಿ ಮಾತ್ರ ಒಂದು ಗಡಿಯಾರ, ಒಂದು ಹುಡುಕುವ ಪೆಟ್ಟಿಗೆ ಬಿಟ್ಟು ಮಿಕ್ಕಿದ್ದೆಲ್ಲ ಕಿತ್ತುಹಾಕಿದ್ದೆ. ನಾಲ್ಕು ಐಕಾನು ಇಟ್ಟುಕೊಳ್ಳಬಾರದೇ ಅಂದರೆ, "ಡಬ್ಬ ಜೋಡಿಸಿಡಕ್ಕೆ ಇದೇನು ದಿನಸಿ ಅಂಗಡಿ ಏನ್ಲಾ?" ಅಂದೆ. ಆ ಪೆಟ್ಟಿಗೆಯಲ್ಲಿ ಒಂದಕ್ಷರ ಒತ್ತಿದರೆ, ಅದರಿಂದ ಶುರುವಾಗುವ, ನೀನು ತೆರೆದಿದ್ದ ಫೈಲುಗಳಷ್ಟೇ, ಹೆಚ್ಚು ಬಳಸಿದ್ದೇ ಮೊದಲಾಗಿ, ಬಂದು ನಿಲ್ಲುತ್ತಿದ್ದವು.

ಭಾನುವಾರಗಳಂದು ಟೇಕಲ್‌ನಿಂದ ರೈಲು ಹತ್ತಿ ಮಾಲೂರಿಗೆ ಹೋಗಿ ಅವಳ ಪಕ್ಕ ಕೂತೆ. ಎಡಗಡೆಗೆ ಹೊಸ ಪ್ಯಾನೆಲ್ ನಿಲ್ಲಿಸಿದೆ. ಮದುವೆ, ಮನೆ, ಮರಣ ಎಂದು ದಪ್ಪ ಐಕಾನುಗಳು. ಪ್ರಾಸ ಕೂತಿತು, ನಗುವವನಿರಲಿಲ್ಲ. ಅವಳು ಬೇಗ ಕಲಿತಳು. ಸಿಕ್ಕಿಬಿದ್ದದ್ದು ಹುಡುಕುವ ಪೆಟ್ಟಿಗೆಯಲ್ಲೇ. ಆಮಂತ್ರಣ ಬೇಕೆಂದು 'ಆ' ಒತ್ತಿದರೆ ಮೊದಲಿಗೆ ನಿನ್ನ ಆಸ್ಪತ್ರೆಯ ರಿಪೋರ್ಟು. 'ಮ' ಅಂದರೆ ಮಾತ್ರೆಯ ಚೀಟಿ. 'ಭ' ಅಂದರೆ ಫೋಟೊದಲ್ಲಿ ನೀನೇ, ಕೆಂಪಂಗಿ ತೊಟ್ಟು ನಗುತ್ತಾ. ಅವಳ ಕೈ ನಿಂತುಬಿಡುತ್ತಿತ್ತು. ಗಿರಾಕಿಗಳು ಕಾದರು, ಕೆಮ್ಮಿದರು, ಎದುರಿನ ಅಂಗಡಿಗೆ ಹೋದರು. ಅವಳಣ್ಣ ಕದಿರೇಶ ಬಂದು ಕೂತ. "ಸಾಕಮ್ಮ, ಬೀಗ ಹಾಕು. ಮುಳಬಾಗಿಲಿಗೆ ಬಂದುಬಿಡು" ಅಂದ. ಅವನ ಮನೆಯಲ್ಲಿ ಒಂದು ಮೂಲೆ ಸಿಗುತ್ತದೆ, ಅಷ್ಟೇ. ಅದು ಅವಳಿಗೂ ಗೊತ್ತು.

ಕಳೆದ ಭಾನುವಾರ ನನ್ನನ್ನು ಕೇಳಿದಳು: "ಅಣ್ಣ, ಈ ಪೆಟ್ಟಿಗೆ ಕಲಿತಿದ್ದೆಲ್ಲ ಮರೆಯೋ ಹಂಗೆ ಮಾಡಕ್ಕಾಗುತ್ತಾ?"

ಆಗುತ್ತದೆ. ಸೆಟ್ಟಿಂಗಿನಲ್ಲಿ ಒಂದು ಗುಂಡಿ. ನಿನ್ನ ಫೋಟೊ, ಫೈಲು ಯಾವುದೂ ಹೋಗುವುದಿಲ್ಲ. ನೀನು ಏನನ್ನು ಎಷ್ಟು ಸಲ ತೆರೆದೆ ಅನ್ನುವ ನೆನಪಷ್ಟೇ ಹೋಗುತ್ತದೆ. ಅಷ್ಟೇ ತಾನೇ ನಿನ್ನ ಕೈಯ ಗುರುತಾಗಿ ಅಲ್ಲಿ ಮಿಕ್ಕಿದ್ದು? ಮುಂದಿನ ವಾರ ನೋಡೋಣಮ್ಮ ಅಂದೆ.

"ನಿಮಗೆ ಮುಂದಿನ ವಾರ ಐತೆ ಅಣ್ಣ. ನನಗೆ ಇರೋದು ಈ ಅಂಗಡಿ."

ಮೌಸು ನನ್ನ ಕೈಯಿಂದ ತೆಗೆದುಕೊಂಡು ತಾನೇ ಒತ್ತಿದಳು. ಪೆಟ್ಟಿಗೆ ಖಾಲಿಯಾಯಿತು. ಸದ್ದಾದರೂ ಆಗಬಹುದೆಂದುಕೊಂಡಿದ್ದೆ ಕಣೋ.

ಅಷ್ಟರಲ್ಲಿ ಚಿಕ್ಕಗಂಗಮ್ಮ ಬಂದರು, ಮಾಸ್ತಿ ಊರಿನವರು, ಮನೆ ಕಟ್ಟಲು ಭೂಮಿಪೂಜೆಗೆ ಕಾರ್ಡು ಬೇಕೆಂದು. ಶ್ರೀವಾಣಿ ಕಣ್ಣೊರೆಸಿಕೊಂಡು ಕೂತಳು, ಸಂಜೆಯೊಳಗೆ ಮುಗಿಸಿದಳು. ಅವಳು ನೀರಿಗೆಂದು ಎದ್ದಾಗ ನಾನು ಮೆಲ್ಲಗೆ 'ಭ' ಒತ್ತಿದೆ. ಭೂಮಿಪೂಜೆ ಎಂದು ಬಂತು. ಕೆಳಗೆ ನಿನ್ನ ಹೆಸರಿನ ಇನ್ನೊಂದು ಸಾಲು ಬರುತ್ತದೇನೋ ಎಂದು ಕಾದೆ. ಬರಲಿಲ್ಲ.

"ಪ್ರಿಂಟ್ ಕೊಡ್ಲಾ ಅಣ್ಣ?" ಅಂದಳು, ಬೆನ್ನ ಹಿಂದೆ ನಿಂತು.

ಕೊಡಮ್ಮ ಅಂದೆ.

ಎಲ್ಲಿದ್ದೀಯೋ ಅಲ್ಲಿ ತಣ್ಣಗಿರು, ನೋವಿಲ್ಲದೆ ನಿದ್ದೆ ಮಾಡು.

ನಿನ್ನವನೇ ಆದ
ಶಿವಶಂಕರ, ಟೇಕಲ್