ಬೊನಾತ್ಸಾದ ಹಾಯಿಕಂಬ

ಶಿಬೆನಿಕ್,
ಏಪ್ರಿಲ್ ೧೯, ಗುರುವಾರ

ಅಪ್ಪಾ,

'ಪ್ರೀತಿಯ' ಎಂದು ಶುರುಮಾಡಲು ಕೈ ಬರುತ್ತಿಲ್ಲ. ಸಿಟ್ಟು ಇಳಿದರೆ ಆಮೇಲೆ ಸೇರಿಸುತ್ತೇನೆ.

ಬರುವ ಸೋಮವಾರ ಬೆತಿನಾದ ದೋಣಿ ಕಾರ್ಖಾನೆಯಲ್ಲಿ ನಮ್ಮ ದೋಣಿ ಬೊನಾತ್ಸಾದ ಹಾಯಿಕಂಬವನ್ನು ಅರ್ಧಕ್ಕೆ ಕೊಯ್ಯಿಸುತ್ತೀಯಂತೆ. ಹಾಯಿ ತೆಗೆದು, ದೊಡ್ಡ ಎಂಜಿನ್ ಕೂರಿಸಿ, ಉಳಿದ ಮೋಟು ಕಂಬಕ್ಕೆ ಬಣ್ಣದ ಬಾವುಟ ಕಟ್ಟಬೇಕೆಂದು ಪ್ರವಾಸಿ ಕಂಪನಿಯವರ ಆಜ್ಞೆಯಂತೆ. ಚಿಕ್ಕಪ್ಪನ ಮಗ ದುಯೆ ಮೀನು ಮಾರುಕಟ್ಟೆಯಲ್ಲಿ ಸಾರ್ಡೀನ್ ಆರಿಸುತ್ತಾ ಇದನ್ನು ಹೇಳಿದ. ನಮ್ಮ ಮನೆಯ ಸುದ್ದಿಯನ್ನು ನಾನು ಮೀನಿನ ಬುಟ್ಟಿಯ ಮೇಲಿಂದ ಕೇಳಬೇಕಾಯಿತು.

ನೀನು ಏನನ್ನುತ್ತೀ ಎಂದು ಗೊತ್ತು: "ನನ್ ದೋಣೀನ ಹೇಸರಗತ್ತೆ ಅಂದೋಳು ನೀನೇ ಅಲ್ವೇನೇ?" ಹೌದು, ಎಂಜಿನ್ ಮುಟ್ಟದವರ ನಮ್ಮ ಹಾಯಿ ಸಂಘದ ಸಭೆಯಲ್ಲಿ ಎದ್ದು ನಿಂತು ಅಂದೆ. ಹಾಯಿಯೂ ಉಂಟು, ಎಂಜಿನ್ನೂ ಉಂಟು; ಅತ್ತ ಕುದುರೆಯಲ್ಲ, ಇತ್ತ ಕತ್ತೆಯಲ್ಲ. ಅದರ ಹಾಯಿ ಚಿಕ್ಕದು, ಮೈ ಭಾರ, ಎದುರುಗಾಳಿಯಲ್ಲಿ ಮುಂದೆ ಸಾಗುವುದಿಲ್ಲ. ಮೋಟಾರು ದೋಣಿಗಳು ನಮ್ಮನ್ನು ದಾಟಿ ಹೋಗಿ ಕಾಫಿ ಕುಡಿದು ಮುಗಿಸಿರುತ್ತವೆ. ಒಂದು ಮಾತನ್ನೂ ಹಿಂದೆ ತೆಗೆದುಕೊಳ್ಳುವುದಿಲ್ಲ. ಸಮುದ್ರದ ನಿಯಮದ ಪ್ರಕಾರ ಹಾಯಿ ಏರಿಸಿಯೂ ಎಂಜಿನ್ ಓಡಿಸುವವರು ಕಪ್ಪು ಶಂಕುವನ್ನು ತಲೆಕೆಳಗಾಗಿ ನೇತುಹಾಕಬೇಕು. ಗಾಳಿಯೊಂದನ್ನೇ ನಂಬಿದವನಿಗೆ ದಾರಿ ಬಿಡಬೇಕಾದವರು ಯಾರೆಂದು ಆಗ ತಿಳಿಯುತ್ತದೆ. ನೀನು ಎಂದೂ ಹಾಕಲಿಲ್ಲ. "ಎಂಜಿನ್ ಸದ್ದು ಇಟಲಿಗೇ ಕೇಳ್ಸುತ್ತೆ, ಈ ಟೋಪಿ ಯಾರಿಗೆ ತೋರಿಸ್ಲಿ?" ಎಂದು ನಕ್ಕೆ. ಅದೇ ಜಗಳದಲ್ಲಿ ನಾನು ಮನೆ ಬಿಟ್ಟು ಇಲ್ಲಿಗೆ ಬಂದೆ. ಆ ಜಗಳದಲ್ಲಿ ಈಗಲೂ ನಾನೇ ಸರಿ.

ಆದರೆ ಕಳೆದ ಭಾನುವಾರ ಕೊರ್ನಾತಿ ದ್ವೀಪಗಳಲ್ಲಿ ಆಲಿವ್ ಮರ ಸವರಿ ಎಲ್ಲರೂ ಮರಳುವಾಗ ನಡೆದದ್ದನ್ನು ನಾನು ಕಣ್ಣಾರೆ ಕಂಡೆ. ದಕ್ಷಿಣದ ಗಾಳಿ ಸತ್ತಿತ್ತು, ಅಲೆ ಸತ್ತಿರಲಿಲ್ಲ. ನಮ್ಮ ಸಂಘದ ದೋಣಿಯ ಹಾಯಿ ಒದ್ದೆ ಬಟ್ಟೆಯಂತೆ ಬಡಿದುಕೊಳ್ಳುತ್ತಿತ್ತು, ನಾವು ನಿಂತಲ್ಲೇ ಹೊರಳಾಡುತ್ತಿದ್ದೆವು. ದುಯೆಯ ಮೋಟಾರು ದೋಣಿ ಅಲೆಯಿಂದ ಅಲೆಗೆ ಜಿಗಿದು ಬೀಳುತ್ತಿತ್ತು. ವೇಗ ಇಳಿಸಿದರೆ ತೊಟ್ಟಿಲಿನಂತೆ ತೂಗುತ್ತಿತ್ತು; ಅವನ ಹೆಂಡತಿಯ ತಾಯಿ ವಾಂತಿಯ ಬಕೆಟ್‌ನಿಂದ ತಲೆ ಎತ್ತಲಿಲ್ಲ. ಆಗ ನೀನು ಬಂದೆ. ಗಾಳಿಯಿಲ್ಲದಿದ್ದರೂ ಬಿಗಿದ ಹಾಯಿ ದೋಣಿಯನ್ನು ಹೊರಳದಂತೆ ಹಿಡಿದಿತ್ತು, ಎಂಜಿನ್ ಮೆಲ್ಲಗೆ ತಳ್ಳುತ್ತಿತ್ತು. ತೆರೆಜಾ ಅತ್ತೆ ಮಕ್ಕಳೊಂದಿಗೆ ನಿನ್ನ ಡೆಕ್ಕಿನ ಮೇಲೆ ಕೂತು ಒಣ ಅಂಜೂರ ತಿನ್ನುತ್ತಿದ್ದಳು.

ನೀನು ಹಗ್ಗ ಎಸೆದೆ. "ಹಿಡ್ಕೋ ವಿಂಕಾ, ನಿನ್ ತತ್ವ ಒದ್ದೆ ಆಗಲ್ಲ" ಎಂದೆ. ನಾನು ಹಿಡಿಯಲಿಲ್ಲ. ನೀನು ದ್ವೀಪದ ಮರೆಗೆ ಹೋದದ್ದೇ ತಡ, ನಮ್ಮ ಅಧ್ಯಕ್ಷ ಲ್ಯೂಬೊ ಟಾರ್ಪಾಲಿನ ಕೆಳಗಿಂದ ಪುಟ್ಟ ಮೋಟಾರೊಂದನ್ನು ಹೊರತೆಗೆದ. ವರ್ಷಗಟ್ಟಲೆ ನಮಗೆ ಡೀಸೆಲ್ ವಿರುದ್ಧದ ಕರಪತ್ರ ಹಂಚಿದವನು. "ಎಲ್ರೂ ಇಟ್ಕೋತಾರಮ್ಮ, ತೋರಿಸ್ಕೊಳ್ಳಲ್ಲ ಅಷ್ಟೆ" ಎಂದ. ಸಂಘಕ್ಕೆ ಅಲ್ಲೇ ರಾಜೀನಾಮೆ ಕೊಟ್ಟೆ. ಸಮುದ್ರದ ನಡುವೆ ಇದ್ದುದರಿಂದ ದಡದವರೆಗೂ ಅವನ ಪಕ್ಕದಲ್ಲೇ ಕೂರಬೇಕಾಯಿತು.

ಆವತ್ತು ನನಗೆ ಅರ್ಥವಾಯಿತು: ಬೊನಾತ್ಸಾ ಹಾಯಿ, ಎಂಜಿನ್ ಎರಡರಲ್ಲೂ ಸ್ವಲ್ಪ ಸೋಲುತ್ತದೆ, ಆದರೆ ಅದನ್ನು ಮುಚ್ಚಿಡುವುದಿಲ್ಲ. ಅದಕ್ಕಿರುವ ಒಂದೇ ಮರ್ಯಾದೆ ಅದು. ಅದನ್ನೇ ನೀನು ಕೊಯ್ಯಿಸಲು ಹೊರಟಿದ್ದೀ. ಹಾಯಿಯಿಲ್ಲದೆ ಅದು ಅಲೆಗೆ ಹೊರಳುತ್ತದೆ, ಎರಡರಷ್ಟು ಡೀಸೆಲ್ ಕುಡಿಯುತ್ತದೆ. ಎಂಜಿನ್ ನಿಂತರೆ ಆ ಬಾವುಟಗಳು ನಿನ್ನನ್ನು ಮನೆಗೆ ತರುತ್ತವೆಯೇ? ಲ್ಯೂಬೊ ಮೋಟಾರು ಬಚ್ಚಿಟ್ಟು ಹಾಯಿಯವನೆನಿಸಿಕೊಂಡ. ನೀನು ಹಾಯಿ ಕಿತ್ತು ಹಾಯಿದೋಣಿ ಎಂದು ಪ್ರವಾಸಿಗರಿಗೆ ಟಿಕೆಟ್ ಮಾರುತ್ತೀ. ನಿಮ್ಮಿಬ್ಬರಲ್ಲಿ ಯಾರು ವಾಸಿ, ನೀನೇ ಹೇಳು.

"ಈ ಕಾಲದಲ್ಲಿ ಹಾಯಿ ಯಾರಿಗೆ ಬೇಕು" ಎಂದು ದುಯೆಗೆ ಹೇಳಿದೆಯಂತೆ. ಗಾಳಿ ತಿರುಗಿದರೆ ನಿದ್ದೆಯಲ್ಲೂ ಎದ್ದು ಕೂರುವವನು ನೀನು. ಆ ಮಾತನ್ನು ನೀನೇ ನಂಬುವುದಿಲ್ಲ. ಕೊಯ್ಯುವುದೇ ಆದರೆ ನಿಜವಾದ ಕಾರಣ ಹೇಳಿ ಕೊಯ್ಯಿ. ಇಲ್ಲವಾದರೆ ಬಡಗಿ ರೋಕೋ ಮಾವನಿಗೆ ಗರಗಸ ಕೆಳಗಿಡಲು ಹೇಳು.

ಸಿಟ್ಟಿನಲ್ಲೇ ಇರುವ ನಿನ್ನ ಮಗಳು,
ವಿಂಕಾ

ಮರೆತ ಮಾತು: ಮರೆತದ್ದಲ್ಲ, ಬರೆಯಬಾರದೆಂದಿದ್ದೆ. ಕ್ರಿಸ್‌ಮಸ್‌ನಿಂದ ನಿನ್ನ ಬಲಭುಜ ಮೇಲೇಳುತ್ತಿಲ್ಲವೆಂದು ಅಮ್ಮ ನಿನ್ನೆ ಫೋನಿನಲ್ಲಿ ಹೇಳಿಬಿಟ್ಟಳು. ನನಗೆ ತಿಳಿಸಬಾರದೆಂದು ಅವಳಿಂದ ಮಾತು ತೆಗೆದುಕೊಂಡಿದ್ದೆಯಂತೆ. ಭಾನುವಾರ ಹಾಯಿ ಏರಿಸಿಕೊಟ್ಟದ್ದು ತೆರೆಜಾ ಅತ್ತೆಯ ಮಕ್ಕಳಂತೆ. ಉಳಿದ ದಿನ ನಿನಗೆ ಯಾರಿದ್ದಾರೆ? ಶನಿವಾರ ಬೆಳಗಿನ ಬಸ್ಸಿಗೆ ಬರುತ್ತೇನೆ, ಬೇಸಿಗೆಯಿಡೀ ಇರುತ್ತೇನೆ. ಏರಿಸುವುದು ಇಳಿಸುವುದು ನನ್ನ ಕೆಲಸ, ಚುಕ್ಕಾಣಿ ನಿನ್ನದು. ಕಂಬ ಕೊಯ್ಯಿಸುವುದಿಲ್ಲವೆಂದು ಕಂಪನಿಯವರಿಗೆ ನೀನೇ ಹೇಳು. ನಾನು ಹೇಳಿದರೆ ಜಗಳವಾಗುತ್ತದೆ.