ಎರಡು ಕೀಲಿಯ ಬಾಗಿಲು

ಕಮಲಾಪುರ
ಭಾನುವಾರ, ೧೨ ಅಕ್ಟೋಬರ್ ೨೦೨೫

ಪ್ರೀತಿಯ ಗೌತಮಿಗೆ ನಿನ್ನ ಆಯಿ ಶೇವಂತಾಳ ಜೈ ಭೀಮ್.

ಹೇಗಿದ್ದೀ ನನ್ನವ್ವಾ? ಹೊಟ್ಟೆ ತುಂಬ ಉಣ್ಣುತ್ತೀಯೋ, ಇಲ್ಲಾ ರಾಯಭಾರ ಕಚೇರಿಯ ಡಬ್ಬಿ ಊಟದಲ್ಲೇ ದಿನ ದೂಡುತ್ತೀಯೋ? ಗುಂಡು ತಡೆಯುವ ಆ ಜಾಕೀಟು ತಪ್ಪದೆ ಹಾಕಿಕೊಳ್ಳುತ್ತೀಯಲ್ಲ? ಸ್ವೆಟರ್ ಚುಚ್ಚುತ್ತದೆಂದು ಓಣಿ ತುಂಬ ಓಡಿದವಳು ನೀನು, ಅದಕ್ಕೇ ಕೇಳಿದೆ. ನಿಮ್ಮಜ್ಜ ಆರಾಮಾಗಿದ್ದಾರೆ. "ನಮ್ಮ ಮೊಮ್ಮಗಳಿಗಿ ಬಂಕರ್ ಕೊಟ್ಟಾರ" ಎಂದು ಚಾದಂಗಡಿಯಲ್ಲಿ ಹೇಳಿ ಹೇಳಿ, ಬಂಕರ್ ಎಂದರೆ ಕಲೆಕ್ಟರಿಗಿಂತ ದೊಡ್ಡ ಹುದ್ದೆ ಎಂದು ಅರ್ಧ ಊರು ನಂಬಿಬಿಟ್ಟಿದೆ.

ನಿಮ್ಮಪ್ಪ ಕಲಬುರಗಿಯಿಂದ ಬೆಳಿಗ್ಗೆಯೇ ಬಂದು ನನ್ನೆದುರು ಕೂತಿದ್ದಾನೆ. ನಂದೂರಿನ ದಾಲ್‌ಮಿಲ್ಲಿನ ಸದ್ದಿಗೆ ಬೆದರದ ಅಜಿತ, ಈಗ ಕುಸನೂರಿನ ಮನೆಯಲ್ಲಿ ಕುಕ್ಕರ್ ಕೂಗಿದರೂ ಟಿ.ವಿ. ಕಡೆ ಓಡುತ್ತಾನಂತೆ. ಬೇಕಾದವರು ಊರಿಗೆ ಮರಳಬಹುದೆಂದು ನಿಮ್ಮ ಕಚೇರಿಯೇ ಹೇಳಿದರೂ ನೀನು ಅಲ್ಲೇ ಉಳಿದೆ ಎಂಬುದು ಅವನ ಸಂಕಟ. ಬಂದರಿನ ಗೋದಾಮಿನಲ್ಲಿ ನಮ್ಮ ದೇಶದ ಕೆಲಸಗಾರರು ಸಿಕ್ಕಿಬಿದ್ದಿದ್ದಾರೆ. ಅವರು ಹೊರಬರುವ ರಸ್ತೆಯ ಒಂದು ತುದಿ ಒಂದು ಗುಂಪಿನ ಕೈಯಲ್ಲಿ, ಇನ್ನೊಂದು ತುದಿ ಆ ಗುಂಪಿನ ವೈರಿಗಳ ಕೈಯಲ್ಲಿ. ನೀನು ಇವತ್ತು ಇವರಲ್ಲಿ, ನಾಳೆ ಅವರಲ್ಲಿ ಚಾ ಕುಡಿಯುತ್ತ ಓಡಾಡುತ್ತಿದ್ದೀಯ. ಆ ಗೋದಾಮಿನಲ್ಲಿ ನಮ್ಮ ಓಣಿಯ ಬಷೀರುನ್ನೀಸಾಳ ಮಗ ಅಬ್ರಾರನೂ ಇದ್ದಾನೆ. ನಿಮ್ಮಪ್ಪನಿಗೆ ಇದು ಗೊತ್ತಿಲ್ಲದ್ದಲ್ಲ. ಆದರೂ ಮಗಳಲ್ಲವೇ! "ಯವ್ವಾ, ನನ್ ಮಾತು ಆಕಿ ಕೇಳಂಗಿಲ್ಲ. ಬಂದ್ಬಿಡು ಅಂತ ನೀನೇ ಬರಿ" ಎಂದು ಪಟ್ಟು ಹಿಡಿದಿದ್ದಾನೆ. ಬರೆಯುತ್ತೇನೆ. ಅದಕ್ಕೂ ಮೊದಲು ನಿನ್ನ ಕೆಲಸವನ್ನು ನಾನು ಮಾಡಲು ಹೋಗಿ ಪಟ್ಟ ಪಾಡು ಕೇಳು.

ಅಬ್ರಾರ ಹೋಗುವ ಮುಂಚೆ ಹಿತ್ತಲಲ್ಲಿ ನೆಟ್ಟ ಕೆಂಪು ಬಾಳೆ ಈ ಸಲ ಗೊನೆ ಬಿಟ್ಟಿತು. ಗಿಡ ಬಷೀರುನ್ನೀಸಾಳದು, ಗೊನೆ ಮಾತ್ರ ಗೋಡೆ ದಾಟಿ ಪಕ್ಕದ ಮನೆಯ ಪುತಳಾಬಾಯಿಯ ಅಂಗಳಕ್ಕೆ ಜೋತುಬಿತ್ತು. ಪುತಳಾಬಾಯಿ ಕೊಯ್ದು ನೆಂಟರಿಗೆಲ್ಲ ಹಂಚಿಬಿಟ್ಟಳು. ಕೇಳಿದರೆ, "ನನ್ ಅಂಗಳದ ಬಿಸಲು ತಿಂದು ಹಣ್ಣಾಗ್ಯಾದ, ನಂದೇ" ಎಂದಳು. ಅವತ್ತೇ ಇಬ್ಬರ ನಡುವಿನ ಗೋಡೆಯ ಸಣ್ಣ ಬಾಗಿಲಿಗೆ ಇವಳು ಈ ಕಡೆಯಿಂದ, ಅವಳು ಆ ಕಡೆಯಿಂದ ಕೀಲಿ ಜಡಿದರು. ಆ ಬಾಗಿಲಿನಿಂದಲೇ ನಾವೆಲ್ಲ ನಲ್ಲಿಗೆ ಹೋಗುವುದು. ಇಬ್ಬರು ಹೆಂಗಸರ ಸಿಟ್ಟಿಗೆ ಇಡೀ ಓಣಿ ಕೊಡ ಹೊತ್ತು ಊರು ಸುತ್ತುವಂತಾಯಿತು.

ಆಗ ನೀನು ಫೋನಿನಲ್ಲಿ ಹೇಳಿದ್ದು ನೆನಪಾಯಿತು. ಒಂದು ಕಡೆಯ ಮಾತನ್ನು ಒಗೆದು, ಒಣಗಿಸಿ, ಇಸ್ತ್ರಿ ಮಾಡಿ ಇನ್ನೊಂದು ಕಡೆಗೆ ಒಯ್ಯಬೇಕು, ದಿನಾ ದಾರಿ ಬದಲಿಸಬೇಕು ಎಂದಿದ್ದೆಯಲ್ಲ? ನಾನೂ ಪುತಳಾಬಾಯಿಯ ಮನೆಗೆ ಒಂದು ದಿನ ಮುಂದಿನಿಂದ, ಒಂದು ದಿನ ದನದ ಕೊಟ್ಟಿಗೆಯಿಂದ ಹೋದೆ. ಮೊದಲ ಸಲ ಕೊಟ್ಟಿಗೆಯಲ್ಲೇ ಜಾರಿ ಬಿದ್ದೆ. ನಿನಗೆ ಜಾಕೀಟಾದರೂ ಕೊಟ್ಟಿದ್ದಾರೆ. "ಆಕೀ ಮಾರಿ ನೆನಸ್ಕೊಂಡ್ರ ನನಗ ಅನ್ನ ಇಳಿಯಂಗಿಲ್ಲ" ಎಂದಳು ಪುತಳಾಬಾಯಿ. ನಾನು ಬಷೀರುನ್ನೀಸಾಳಿಗೆ, "ನಿನ್ನ ನೆನಸ್ಕೊಂಡು ಆಕಿ ಊಟಾನೇ ಬಿಟ್ಟಾಳ" ಎಂದೆ. "ನಮ್ ಅಂಗಳದಾಗ ಬರ್ಲಿ, ಕಾಲ್ ಮುರೀತೀನಿ" ಎಂದಳು ಬಷೀರುನ್ನೀಸಾ. ನಾನು ಪುತಳಾಬಾಯಿಗೆ, "ನಿನ್ನ ಕಾಲಿನ ಬಗ್ಗೆ ಕೇಳಿದ್ಲು ನೋಡು" ಎಂದೆ. ಇಬ್ಬರೂ ಮೆತ್ತಗಾದರು. ನಾನು ಕೊಬ್ಬಿ, ಮೊದಲು ಇನ್ನೊಬ್ಬಳೇ ಮಾಫಿ ಕೇಳುತ್ತಾಳೆಂದು ಇಬ್ಬರಿಗೂ ಹೇಳಿ, ನಿನ್ನೆ ಸಂಜೆ ನಮ್ಮ ಮನೆಗೆ ಕರೆದೆ.

ಬಂದರು. ಒಂದೇ ಹೊರಸಿನ ಮೇಲೆ ಆ ಕಡೆ ಒಬ್ಬಳು, ಈ ಕಡೆ ಒಬ್ಬಳು, ನಡುವೆ ನಾನು. ಕೊನೆಗೆ ಪುತಳಾಬಾಯಿ, "ಹೂಂ, ಕೇಳು" ಎಂದಳು. "ನಾ ಯಾಕ ಕೇಳ್ಲಿ? ನೀ ಕೇಳ್ತೀದಿ ಅಂತ ಬಂದೀನಿ" ಎಂದಳು ಬಷೀರುನ್ನೀಸಾ. ಇಬ್ಬರೂ ನಿಧಾನಕ್ಕೆ ನನ್ನ ಕಡೆ ತಿರುಗಿದರು. ಗೌತಮಿ, ಆ ಹೊತ್ತಿಗೆ ಹಿತ್ತಲ ಬಾಗಿಲು ನನ್ನನ್ನು ಎಷ್ಟು ಕರೆಯಿತೆಂದು ಹೇಗೆ ಹೇಳಲಿ! ಆದರೆ ನಾನು ಎದ್ದರೆ ಅವರೂ ಏಳುತ್ತಿದ್ದರು, ಕೀಲಿ ಹಾಗೇ ಉಳಿಯುತ್ತಿತ್ತು. ಕೂತೆ. "ತೌಬಾ! ಈ ವಯಸ್ಸಿನಾಗ ಇಷ್ಟ್ ಸುಳ್ಳೇನ್ ಶೇವಂತಕ್ಕಾ?" ಎಂದು ಇವಳು, "ಸುಳ್ಳಿಗೇ ಹುಟ್ಟ್ಯಾಳ ಬಿಡು" ಎಂದು ಅವಳು. ಬೈಯುವುದರಲ್ಲಿ ಒಬ್ಬಳು ಬಿಟ್ಟಿದ್ದನ್ನು ಇನ್ನೊಬ್ಬಳು ತುಂಬಿಕೊಟ್ಟಳು. ಬೈದು ಗಂಟಲೊಣಗಿ ಚಾ ಕುಡಿದರು. ಬೈಗುಳ ಇನ್ನೂ ಮುಗಿದಿರಲಿಲ್ಲವಾದ್ದರಿಂದ ಜೊತೆಯಲ್ಲೇ ಎದ್ದು, ಬೈಯುತ್ತಲೇ ಹೋಗಿ, ಆ ಬಾಗಿಲಿನ ಎರಡೂ ಕೀಲಿ ತೆಗೆದರು. ನಿಮ್ಮಜ್ಜ ಒಳಗಿನಿಂದ, "ಹೋದ್ರೇನು?" ಎಂದು ಕೇಳಿ ಆಮೇಲೆ ಹೊರಗೆ ಬಂದರು. ಅವರಿಗೆ ಬಂಕರ್ ಕೊಟ್ಟಿದ್ದರೆ ಚೆನ್ನಾಗಿರುತ್ತಿತ್ತು.

ಇರಲಿ. ಮಗಳೇ, ಸಾಕು ಆ ಊರು. ಮುಂದಿನ ವಿಮಾನ ಹತ್ತಿ ಕೂಡಲೇ ಬಂದುಬಿಡು. ಇಷ್ಟನ್ನೂ ನಿಮ್ಮಪ್ಪನಿಗೆ ಓದಿ ಹೇಳಿದೆ, ಕಣ್ಣೊರೆಸಿಕೊಂಡ. ಅಜ್ಜನ ಆಶೀರ್ವಾದ, ಓಣಿಯವರೆಲ್ಲರ ಹಾರೈಕೆ ನಿನ್ನ ಮೇಲಿರಲಿ.

ನಿನ್ನ ಆಯಿ,
ಶೇವಂತಾ

ತಾ.ಕ.: ಬೇಗ ಬರೆಯುತ್ತಿದ್ದೇನೆ. ನಿಮ್ಮಪ್ಪ ಈ ಪತ್ರದ ಫೋಟೋ ತೆಗೆದು ನಿನಗೆ ಕಳಿಸಲು ಕನ್ನಡಕ ಹುಡುಕುತ್ತಿದ್ದಾನೆ. ಅದು ನನ್ನ ಸೆರಗಿನಲ್ಲಿದೆ. ಕನ್ನಡಕ ಇಲ್ಲದಿದ್ದರೂ ಅವನಿಗೆ ಫೋಟೋ ತೆಗೆಯಲು ಬರುತ್ತದೆ, ಓದಲು ಬರುವುದಿಲ್ಲ. ಮೇಲಿನ "ಬಂದುಬಿಡು" ಅವನದು. ನನ್ನದು ಇದು: ನಿನ್ನೆ ಕೀಲಿ ತೆಗೆದ ಮೇಲೆ ಬಷೀರುನ್ನೀಸಾ ಬಾಗಿಲಲ್ಲಿ ನಿಂತು, ಮಗನ ಹೆಸರೆತ್ತದೆ, "ಗೌತಮಿ ಇನ್ನಾ ಅಲ್ಲೇ ಅದಾಳಲ್ಲ ಅಕ್ಕಾ?" ಎಂದು ಕೇಳಿದಳು. ಅದಾಳ ಎಂದೆ. ಇಸ್ತ್ರಿ ಮಾಡದೆ ಹೇಳಿದ ಮಾತು ಅದೊಂದೇ. ಅದನ್ನು ಸುಳ್ಳು ಮಾಡಬೇಡ. ಅಬ್ರಾರನನ್ನೂ ಉಳಿದವರನ್ನೂ ಗಾಡಿ ಹತ್ತಿಸಿ, ಆಮೇಲೆ ನೀನು ಹತ್ತು. ಜಾಕೀಟು ಮಾತ್ರ ಬಿಚ್ಚಬೇಡ, ಚುಚ್ಚಿದರೂ.