ಧೂಪದ ಮರದ ಮಂಗಟ್ಟೆ

ವೇಣೂರು
೧೩ ಏಪ್ರಿಲ್ ೨೦೨೫

ಪ್ರೀತಿಯ ದೀಕ್ಷಿತಾ,

ಮೂಡಬಿದಿರೆಯಲ್ಲಿ ನೀನು, ಮನೆಯವರೆಲ್ಲ ಸೌಖ್ಯವೆಂದು ನಂಬಿದ್ದೇನೆ. ಈ ಮೂರು ದಿನ ನಿನ್ನ ಫೋನು ಎತ್ತದ್ದಕ್ಕೆ ಬೈಯಬೇಡ. ಎತ್ತಿದರೆ ಮೊದಲು ನಮ್ಮ ಮಂಗಟ್ಟೆ ಹಕ್ಕಿಯ ಗೂಡಿನ ಸುದ್ದಿಯನ್ನೇ ಕೇಳುತ್ತೀ. ಅದನ್ನು ಬಾಯಿಬಿಟ್ಟು ಹೇಳುವ ಧೈರ್ಯ ನನಗಿಲ್ಲ.

ಹಬ್ಬಕ್ಕೆಂದು ಸೌದಿಯ ದಮ್ಮಾಮಿನಿಂದ ಬಂದ ನನ್ನವರಿಗೆ ಇನ್ನೂ ರಜೆ ಉಂಟು. ಅವರನ್ನು ಮನೆಯಲ್ಲಿ ಬಿಟ್ಟು ನಾನು ಬಂಟ್ವಾಳಕ್ಕೆ ಅಮ್ಮನನ್ನು ನೋಡಲು ಹೋಗಿದ್ದೆ. ಗುರುವಾರ ಮೊದಲ ಬಸ್ಸಿಗೆ ಬಂದವಳು ಚಾ ಕೂಡ ಕುಡಿಯದೆ ದುರ್ಬೀನು ಹಿಡಿದು ಹಿತ್ತಿಲಿಗೆ ಹೋದೆ. ನಿನಗೆ ಗೊತ್ತಲ್ಲ ನನ್ನ ಹುಚ್ಚು. ಹೋದರೆ ಕಣ್ಣಿಗೆ ಬೆಳಕೋ ಬೆಳಕು. ಧೂಪದ ಮರವೇ ಇಲ್ಲ. ನಮ್ಮದೇ ಹಿತ್ತಿಲಲ್ಲಿ ನಿಂತು, ಬೇರೆಯವರ ಜಾಗಕ್ಕೆ ಬಂದೆನೇ ಎಂದುಕೊಂಡೆ.

ಗಂಡು ಮಂಗಟ್ಟೆ ಹಣ್ಣು ಕಚ್ಚಿಕೊಂಡು ಬಂತು. ಪೊಟರೆ ಇದ್ದ ಎತ್ತರಕ್ಕೇ ಹಾರಿ, ಕೂರಲು ಏನೂ ಇಲ್ಲದೆ ತಿರುಗಿ ಹೋಯಿತು. ಮತ್ತೆ ಬಂತು. ಕೆಳಗೆ ದಿಮ್ಮಿ ಬಿದ್ದಿತ್ತು. ಹೆಣ್ಣು ಒಳಗೇ ಇತ್ತು ಮಾರಾಯ್ತಿ. ಪೊಟರೆಯ ಬಾಯಿ ಮೆತ್ತಿಕೊಂಡು, ಹಾರುವ ಗರಿಗಳನ್ನೂ ಉದುರಿಸಿಕೊಂಡು ಕೂತ ತಾಯಿ ಎಲ್ಲಿಗೆ ಹೋದೀತು? ಮರಿಗಳೂ ಉಳಿದಿರಲಿಲ್ಲ.

ಹಿಂದಿನಿಂದ ನನ್ನವರು ಹನೀಫಾ ಬಂದರು, ಮುಖ ತುಂಬ ನಗು. ನನಗೆ ಗೊತ್ತಾಗದ ಹಾಗೆ ಮಾಡಿಸಬೇಕೆಂದೇ ನಾನು ತವರಿಗೆ ಹೋಗುವುದನ್ನು ಕಾದಿದ್ದರಂತೆ. ಮರ ಕಡಿಯುವ ಚನಿಯಪ್ಪ ಹಿಂದಿನ ಸಂಜೆ ಕತ್ತಲಾಗುವಾಗ ಅದನ್ನು ಉರುಳಿಸಿ, ಗೆಲ್ಲು ಸವರಲು ಬೆಳಿಗ್ಗೆ ಬರುತ್ತೇನೆಂದು ಹೋಗಿದ್ದನಂತೆ.

"ಇನ್ನು ಮರ ಅಡ್ಡ ಇಲ್ಲ, ನಿನಗೆ ಸಿಟೌಟಿನಲ್ಲಿ ಕೂತೇ ಹೊಳೆಯ ಹಕ್ಕಿ ನೋಡ್ಲಿಕ್ಕೆ ಆಗ್ತದೆ. ಕುರ್ಚಿ ಹಾಕಿದ್ದೇನೆ, ಬಾ," ಎಂದರು.

ಹೋಗಿ ಕೂತೆ. ಹೊಳೆ ಚೆನ್ನಾಗಿ ಕಾಣುತ್ತಿತ್ತು, ಒಂದು ಮಿಂಚುಳ್ಳಿಯೂ ಕಂಡಿತು. ಅವರ ಮೇಲೆ ಕಿರುಚಬೇಕೆನಿಸಿತು. ಏನೆಂದು ಕಿರುಚಲಿ? ಗೂಡಿನ ಜಾಗ ಯಾರಿಗೂ ಹೇಳಬಾರದು, ಹೇಳಿದರೆ ಕ್ಯಾಮರಾದವರ ಹಿಂಡು ಬಂದು ಹಕ್ಕಿಗಳನ್ನು ಓಡಿಸುತ್ತದೆ ಎಂದು ಆಣೆ ಹಾಕಿಕೊಂಡದ್ದು ನಾವಿಬ್ಬರೇ ಅಲ್ಲವಾ? ಗಂಡನಿಗೂ ಹೇಳಲಿಲ್ಲ ಎಂದು ನಿನ್ನೆದುರು ಎಷ್ಟು ಜಂಬ ಕೊಚ್ಚಿದ್ದೆ. ಆಮೇಲೆ ಅವರು ಪೇಟೆಗೆ ಹೋದಾಗ ತಾಯಿ ಮರಿಗಳನ್ನು ಒಂದೇ ಗುಂಡಿಯಲ್ಲಿ ಮಣ್ಣು ಮಾಡಿದೆ. ಅವರಿಗೆ ಈಗಲೂ ಗೊತ್ತಿಲ್ಲ. ದಿನಾ ಬೆಳಿಗ್ಗೆ ಕುರ್ಚಿ ಒರೆಸಿ ಇಡುತ್ತಾರೆ, ನಾನು ಹೋಗಿ ಕೂರುತ್ತೇನೆ.

ನಮ್ಮನ್ನೆಲ್ಲ ಸೃಷ್ಟಿಸಿದವನು ನಿನ್ನನ್ನೂ ಮಕ್ಕಳನ್ನೂ ಚೆನ್ನಾಗಿ ಇಟ್ಟಿರಲಿ.

ನಿನ್ನ
ಜುಲೈಕಾ

ತಾ.ಕ.: ಇದನ್ನು ಬರೆಯಬಾರದೆಂದಿದ್ದೆ, ಆಗುವುದಿಲ್ಲ. ಕಡಿಸುವ ಮೊದಲು ಹನೀಫಾ ನಿನಗೆ ಫೋನ್ ಮಾಡಿದ್ದರಂತೆ. ನನ್ನ ಕಿವಿಗೆ ಬಿದ್ದೀತೆಂದು ಕಡಿಸುವ ವಿಷಯ ಎತ್ತಲಿಲ್ಲವಂತೆ. "ಆ ಧೂಪದ ಮರದಲ್ಲಿ ನಿಮ್ಮ ಹಕ್ಕಿ ಏನಾದರೂ ಉಂಟಾ?" ಎಂದಷ್ಟೇ ಕೇಳಿದರಂತೆ. "ಏನೂ ಇಲ್ಲ, ಕಾಗೆ ಕೂರ್ತದೆ ಅಷ್ಟೇ," ಎಂದೆಯಂತೆ ನೀನು. ನಮ್ಮ ಆಣೆ ಉಳಿಸಿದೆ. ನನ್ನನ್ನು ಕೇಳಿದ್ದರೂ ನಾನು ಅದನ್ನೇ ಹೇಳುತ್ತಿದ್ದೆ, ದೀಕ್ಷಿತಾ.